ಶಿವಮೊಗ್ಗದ ಬಸ್ಸು ಹತ್ತುವ ಮೊದಲು: ರ‍್ಯಾಮ್ ಟೈಮಿಂಗ್, ಮದರ್‌ಬೋರ್ಡ್ ಹೊಂದಾಣಿಕೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪದ ಕಡೆಯಿಂದ ಸಿಪಿಯು ಡಬ್ಬವನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಶಿವಮೊಗ್ಗಕ್ಕೆ ಬರುವವರನ್ನು ತುಂಬಾ ನೋಡಿದ್ದೇನೆ. ಒಂದು ದಿನದ ಕೆಲಸ ಹೋಗುತ್ತದೆ, ಬಸ್ ಚಾರ್ಜ್ ಹೋಗುತ್ತದೆ. ಇಲ್ಲಿ ಬಂದು ತೆಗೆದು ನೋಡಿದರೆ, ಕಂಪ್ಯೂಟರ್ ಓಡುವಾಗ ಕೆಲಸದ ಡೇಟಾ ಇಟ್ಟುಕೊಳ್ಳುವ ರ‍್ಯಾಮ್ ಸರಿಯಾಗಿ ಕೂತಿರುವುದಿಲ್ಲ, ಅಥವಾ ಬೋರ್ಡಿಗೆ (ಎಲ್ಲ ಭಾಗ ಕೂರುವ ಮದರ್‌ಬೋರ್ಡ್) ಒಗ್ಗದ ಸ್ಟಿಕ್ (ರ‍್ಯಾಮಿನ ಉದ್ದ ಪಟ್ಟಿ) ತಂದು ಹಾಕಿರುತ್ತಾರೆ. ಇದು ನನಗೆ ನಿಜಕ್ಕೂ ಬೇಜಾರಿನ ವಿಷಯ. ಮನೆಯಲ್ಲೇ ಅರ್ಧ ಗಂಟೆಯಲ್ಲಿ ನೋಡಬಹುದಾದದ್ದನ್ನು ಮನೆಯಲ್ಲೇ ನೋಡಿ. ಅದಕ್ಕೇ ಇದನ್ನು ಬರೆದಿದ್ದೇನೆ.

ಹೊಸ ರ‍್ಯಾಮ್ ಹಾಕಿದೆ. ಫ್ಯಾನ್ ತಿರುಗುತ್ತದೆ, ಡಿಸ್ಪ್ಲೇ ಬರುತ್ತಿಲ್ಲ. ಬೋರ್ಡ್ ಹೋಯಿತಾ?

ಹೋಗಿರುವ ಸಾಧ್ಯತೆ ಕಡಿಮೆ. ಗಾಬರಿ ಬೇಡ.

ಮೊದಲು ಸ್ವಿಚ್ ಆಫ್ ಮಾಡಿ ಪವರ್ ವೈರ್ ಕಿತ್ತುಬಿಡಿ. ಆಮೇಲೆ ಕ್ಯಾಬಿನೆಟ್ಟಿನ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟ್ ಇಳಿಯಲಿ. ಈಗ ಎಲ್ಲ ಸ್ಟಿಕ್ ತೆಗೆದು ಒಂದನ್ನು ಮಾತ್ರ ಹಾಕಿ. ಎರಡೂ ತುದಿಯನ್ನು ಹೆಬ್ಬೆರಳಿನಿಂದ ಸಮನಾಗಿ ಒತ್ತಬೇಕು. ಈಗಿನ ಎಷ್ಟೋ ಬೋರ್ಡುಗಳಲ್ಲಿ ಕ್ಲಿಪ್ ಒಂದೇ ಕಡೆ ಇರುತ್ತದೆ. ಆ ಕಡೆ 'ಟಕ್' ಅಂದಿತು ಅಂತ ಬಿಟ್ಟುಬಿಡುತ್ತಾರೆ, ಇನ್ನೊಂದು ತುದಿ ಅರ್ಧ ಮಿಲಿಮೀಟರ್ ಮೇಲೇ ಉಳಿದಿರುತ್ತದೆ. ನಾನು ನೋಡಿದ ನೋ ಡಿಸ್ಪ್ಲೇ ಕೇಸುಗಳಲ್ಲಿ ಇದೇ ಜಾಸ್ತಿ.

ಯಾವ ಸ್ಲಾಟ್? ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು. ಬೋರ್ಡಿನ ಮೇಲೆ ಎ2 ಅಂತ ಸಣ್ಣದಾಗಿ ಬರೆದಿರುತ್ತದೆ. ಎರಡು ಸ್ಟಿಕ್ ಇದ್ದರೆ ಎರಡನೆಯದು ಮತ್ತು ನಾಲ್ಕನೆಯದು. ಮ್ಯಾನುಯಲ್ ಬೇರೆ ಹೇಳಿದರೆ ಅದನ್ನೇ ಕೇಳಿ.

ಆಗಲೂ ಬರದಿದ್ದರೆ ಬಯೋಸ್ (ಆನ್ ಆದ ಕೂಡಲೇ ಮೊದಲು ಓಡುವ ಬೋರ್ಡಿನ ಪ್ರೋಗ್ರಾಂ) ಸೆಟ್ಟಿಂಗ್ ಅಳಿಸಿ. ಬೋರ್ಡಿನ ಮೇಲಿನ ಗುಂಡಗಿನ ಸಿಆರ್2032 ಸೆಲ್ ತೆಗೆದು ಐದು ನಿಮಿಷ ಬಿಟ್ಟು ಮತ್ತೆ ಹಾಕಿದರೆ ಸಾಕು. ಪವರ್ ವೈರ್ ಕಿತ್ತಿರಬೇಕು, ಇದನ್ನು ಮರೆಯಬೇಡಿ. ಹಳೇ ರ‍್ಯಾಮಿನ ಲೆಕ್ಕವನ್ನು ಬೋರ್ಡ್ ನೆನಪಿಟ್ಟುಕೊಂಡಿರುತ್ತದೆ. ಅದನ್ನು ಮರೆಸಿದ ಮೇಲೆ ಹೊಸದನ್ನು ಹೊಸದಾಗಿ ಓದುತ್ತದೆ.

ಕೆಲವು ಬೋರ್ಡುಗಳಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ನಾಲ್ಕು ಸಣ್ಣ ದೀಪ ಇರುತ್ತವೆ. ಡಿರ‍್ಯಾಮ್ ದೀಪ ಆರದೆ ನಿಂತರೆ ತೊಂದರೆ ರ‍್ಯಾಮ್ ಕಡೆಯದೇ. ವಿಜಿಎ ದೀಪ ನಿಂತರೆ ರ‍್ಯಾಮ್ ಮುಟ್ಟಬೇಡಿ, ಗ್ರಾಫಿಕ್ಸ್ ಕಾರ್ಡ್ ಮತ್ತು ಅದರ ಪವರ್ ವೈರ್ ನೋಡಿ.

ಡಿಡಿಆರ್5 (ಹೊಸ ತಲೆಮಾರಿನ ರ‍್ಯಾಮ್) ಹಾಕಿದ ಹೊಸ ಮಷೀನು. ಎರಡು ನಿಮಿಷ ಆದರೂ ಕಪ್ಪು ಸ್ಕ್ರೀನು. ಆಫ್ ಮಾಡಲಾ?

ಮಾಡಬೇಡಿ! ಚಹಾ ಕುಡಿದು ಬನ್ನಿ. ಡಿಡಿಆರ್5 ಬೋರ್ಡುಗಳು ಮೊದಲ ಸಲ ಆನ್ ಆದಾಗ ಒಂದೊಂದು ಸ್ಟಿಕ್ಕಿಗೂ ಯಾವ ವೇಗ, ಯಾವ ಅಂತರ ಒಗ್ಗುತ್ತದೆ ಅಂತ ತಾವೇ ಪರೀಕ್ಷೆ ಮಾಡುತ್ತವೆ. ಇದಕ್ಕೆ ಮೆಮೊರಿ ಟ್ರೇನಿಂಗ್ ಅಂತಾರೆ. ಎಎಂಡಿ ಪ್ರೊಸೆಸರ್ ಕೂರುವ ಎಎಂ5 ಬೋರ್ಡುಗಳಲ್ಲಿ, ಅದರಲ್ಲೂ ಜಾಸ್ತಿ ಜಿಬಿ ಹಾಕಿದ್ದರೆ, ಹಲವು ನಿಮಿಷ ಹಿಡಿಯುತ್ತದೆ. ಮಧ್ಯದಲ್ಲಿ ಆಫ್ ಮಾಡಿದರೆ ಮತ್ತೆ ಮೊದಲಿನಿಂದ ಶುರು. ಸೆಲ್ ತೆಗೆದಾಗ, ಬಯೋಸ್ ಬದಲಿಸಿದಾಗಲೂ ಹೀಗೇ ಆಗುತ್ತದೆ. ಹದಿನೈದು ನಿಮಿಷ ಬಿಟ್ಟು ಬರದಿದ್ದರೆ ಮಾತ್ರ ಮೇಲಿನ ಪ್ರಶ್ನೆಯ ಕ್ರಮ ನೋಡಿ.

ಡಿಡಿಆರ್3, ಡಿಡಿಆರ್4, ಡಿಡಿಆರ್5 ಎಲ್ಲ ನೋಡಲು ಒಂದೇ ಥರ ಇದೆಯಲ್ಲ. ಒಂದರ ಜಾಗಕ್ಕೆ ಇನ್ನೊಂದು ಹಾಕಬಹುದಾ?

ಇಲ್ಲ. ಚಿನ್ನದ ಬಣ್ಣದ ಅಂಚಿನ ನಡುವೆ ಒಂದು ಕಚ್ಚು ಇರುತ್ತದೆ ನೋಡಿ, ಅದು ಮೂರರಲ್ಲೂ ಬೇರೆ ಬೇರೆ ಜಾಗದಲ್ಲಿದೆ. ಡೆಸ್ಕ್‌ಟಾಪ್ ಡಿಡಿಆರ್3ಕ್ಕೆ 240 ಪಿನ್. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್, ಆದರೂ ಕಚ್ಚು ಬೇರೆ. ವೋಲ್ಟೇಜೂ ಬೇರೆ: ಡಿಡಿಆರ್3ಕ್ಕೆ 1.5, ಡಿಡಿಆರ್4ಕ್ಕೆ 1.2, ಡಿಡಿಆರ್5ಕ್ಕೆ 1.1. ಕೂರುತ್ತಿಲ್ಲ ಅಂತ ಬಲ ಹಾಕಿದರೆ ಸ್ಲಾಟ್ ಒಡೆಯುತ್ತದೆ, ಬೇರೆ ಏನೂ ಆಗುವುದಿಲ್ಲ.

ಇಲ್ಲಿ ಜನ ಎಡವುವ ಒಂದು ಜಾಗ ಇದೆ. ಇಂಟೆಲ್‌ನ 12, 13, 14ನೇ ಜನರೇಶನ್ನಿನ ಡೆಸ್ಕ್‌ಟಾಪ್ ಪ್ರೊಸೆಸರುಗಳು ಡಿಡಿಆರ್4 ಮತ್ತು ಡಿಡಿಆರ್5 ಎರಡನ್ನೂ ಒಪ್ಪುತ್ತವೆ. ಅದನ್ನು ಓದಿಕೊಂಡು ಯಾವುದೋ ಒಂದು ರ‍್ಯಾಮ್ ಆರ್ಡರ್ ಮಾಡಿಬಿಡುತ್ತಾರೆ. ಆದರೆ ಬೋರ್ಡ್ ಸಾಮಾನ್ಯವಾಗಿ ಎರಡರಲ್ಲಿ ಒಂದಕ್ಕೆ ಮಾತ್ರ. ಬಿ660, ಬಿ760 ಬೋರ್ಡುಗಳು ಒಂದೇ ಹೆಸರಿನಲ್ಲಿ ಎರಡು ಥರ ಬರುತ್ತವೆ, ಎಷ್ಟೋ ಬೋರ್ಡಿನ ಹೆಸರಿನ ಕೊನೆಯಲ್ಲಿ ಡಿ4 ಅಂತ ಇರುತ್ತದೆ. ಆ ಎರಡು ಅಕ್ಷರ ನೋಡದೆ ದುಡ್ಡು ಕೊಡಬೇಡಿ. ಎಎಂಡಿಯಲ್ಲಿ ಈ ಗೊಂದಲ ಇಲ್ಲ. ಎಎಂ4 ಅಂದರೆ ಡಿಡಿಆರ್4, ಎಎಂ5 ಅಂದರೆ ಡಿಡಿಆರ್5.

16-18-18-38 ಅಂತ ಸ್ಟಿಕ್ಕರ್ ಮೇಲೆ ಇದೆ. ಏನಿದು?

ಇದೇ ಟೈಮಿಂಗ್. ನಮ್ಮ ಶಿವಮೊಗ್ಗದ ಅಡಿಕೆ ಮಂಡಿಯ ಲೆಕ್ಕದಲ್ಲಿ ಹೇಳುತ್ತೇನೆ, ಬೇಗ ತಲೆಗೆ ಹೋಗುತ್ತದೆ.

ಸಾಲಾಗಿ ಗೋದಾಮುಗಳಿವೆ, ಒಂದೊಂದರಲ್ಲೂ ನಂಬರ್ ಹಾಕಿದ ಚೀಲಗಳಿವೆ. ಹಮಾಲಿ ಒಬ್ಬನೇ, ಹಾಗಾಗಿ ಒಂದು ಸಲಕ್ಕೆ ಒಂದೇ ಗೋದಾಮಿನ ಬಾಗಿಲು ತೆಗೆಯುವುದು. ಬಾಗಿಲು ಆಗಲೇ ತೆಗೆದಿದೆ ಅಂದುಕೊಳ್ಳಿ. 'ಇಂಥಾ ಚೀಲ ಕೊಡು' ಅಂದಾಗಿನಿಂದ ಚೀಲ ಕೈಗೆ ಬರುವವರೆಗಿನ ಸಮಯವೇ ಮೊದಲ ಸಂಖ್ಯೆ, ಅದನ್ನೇ ಸಿಎಲ್ ಅನ್ನುತ್ತಾರೆ. ಬಾಗಿಲು ತೆಗೆಯಲು ಶುರು ಮಾಡಿದಾಗಿನಿಂದ ಚೀಲ ಕೇಳಬಹುದಾದ ಹೊತ್ತಿನವರೆಗೆ ಎರಡನೆಯ ಸಂಖ್ಯೆ, ಟಿಆರ್‌ಸಿಡಿ. ಆ ಬಾಗಿಲು ಮುಚ್ಚಿ ಬೇರೆ ಗೋದಾಮಿಗೆ ಹೋಗಲು ಬೇಕಾದ ಸಮಯ ಮೂರನೆಯದು, ಟಿಆರ್‌ಪಿ. ಒಂದು ಸಲ ತೆಗೆದ ಬಾಗಿಲನ್ನು ಕನಿಷ್ಠ ಎಷ್ಟು ಹೊತ್ತು ತೆಗೆದೇ ಇಡಬೇಕು ಅನ್ನುವುದು ನಾಲ್ಕನೆಯದು, ಟಿಆರ್‌ಎಎಸ್. ರ‍್ಯಾಮಿನ ಒಳಗೂ ಹೀಗೇ ಅಡ್ಡಸಾಲು, ಉದ್ದಸಾಲು ಇವೆ. ಅಡ್ಡಸಾಲು ಅಂದರೆ ಗೋದಾಮು, ಉದ್ದಸಾಲು ಅಂದರೆ ಚೀಲದ ನಂಬರು.

ಟೈಮಿಂಗ್ ಬಿಗಿ ಮಾಡುವುದು ಅಂದರೆ ಹಮಾಲಿಗೆ 'ಇನ್ನೂ ಬೇಗ' ಅನ್ನುವುದು. ಅವನ ಕೈಲಾಗುವಷ್ಟು ಮಾತ್ರ ಆಗುತ್ತದೆ. ಅದಕ್ಕಿಂತ ಜಾಸ್ತಿ ಅವಸರ ಮಾಡಿದರೆ ಬೇರೆಯವರ ಚೀಲ ತಂದು ಕೊಡುತ್ತಾನೆ. ಕಂಪ್ಯೂಟರಿನಲ್ಲಿ ಬ್ಲೂ ಸ್ಕ್ರೀನ್ ಬರುವುದು ಆಗ.

ಇನ್ನೊಂದು ಮಾತು ಗಮನಿಸಿ. ಈ ಸಂಖ್ಯೆಗಳು ಸೆಕೆಂಡ್ ಅಲ್ಲ, ರ‍್ಯಾಮಿನ ಕ್ಲಾಕ್ ಹಾಕುವ ತಾಳದ ಎಣಿಕೆ. ತಾಳ ಜೋರಾದರೆ ಅದೇ 16 ಎಣಿಕೆ ಬೇಗ ಮುಗಿಯುತ್ತದೆ. ನಿಜವಾದ ಸಮಯ ಬೇಕಾದರೆ ಸಿಎಲ್ ಅನ್ನು 2000ದಿಂದ ಗುಣಿಸಿ ರ‍್ಯಾಮಿನ ವೇಗದಿಂದ (ಸ್ಟಿಕ್ಕರಿನ 3200, 3600 ಥರದ ಸಂಖ್ಯೆ) ಭಾಗಿಸಿ, ಉತ್ತರ ನ್ಯಾನೋಸೆಕೆಂಡ್‌ನಲ್ಲಿ ಬರುತ್ತದೆ. 3200 ಸಿಎಲ್16ಕ್ಕೆ 10. 3600 ಸಿಎಲ್18ಕ್ಕೂ 10. ಡಿಡಿಆರ್5 6000 ಸಿಎಲ್30ಕ್ಕೂ 10! 3200 ಸಿಎಲ್22ಕ್ಕೆ ಮಾತ್ರ 13.75. ಹಾಗಾಗಿ 'ಡಿಡಿಆರ್5ರಲ್ಲಿ ಸಿಎಲ್ 30 ಇದೆ, ನಿಧಾನ ಅಲ್ವಾ' ಅನ್ನುವ ಭಯ ಬೇಡ. ಅಂಗಡಿಯಲ್ಲಿ '3200 ಇದೆ ತಗೊಳ್ಳಿ' ಅಂದಾಗ ಸಿಎಲ್ ಎಷ್ಟು ಅಂತ ಕೇಳುವುದನ್ನು ಬಿಡಬೇಡಿ.

3200 ಅಂತ ಬರೆದ ರ‍್ಯಾಮ್ ತಂದೆ. ಕಂಪ್ಯೂಟರ್ 2400 ತೋರಿಸುತ್ತದೆ. ಮೋಸ ಆಯಿತಾ?

ಸಾಮಾನ್ಯವಾಗಿ ಇಲ್ಲ. ರ‍್ಯಾಮಿನ ಮೇಲೆ ಒಂದು ಸಣ್ಣ ಚಿಪ್ ಇರುತ್ತದೆ, ಅದಕ್ಕೆ ಎಸ್‌ಪಿಡಿ ಅಂತ ಹೆಸರು. ಯಾವ ಬೋರ್ಡಿಗೂ ಒಗ್ಗುವ ಸಾಧಾರಣ ವೇಗಗಳು ಅದರಲ್ಲಿ ಬರೆದಿರುತ್ತವೆ. ಸ್ಟಿಕ್ಕರ್ ಮೇಲಿನ ದೊಡ್ಡ ಸಂಖ್ಯೆ ಬೇರೆ ಪುಟದಲ್ಲಿರುತ್ತದೆ, ಇಂಟೆಲ್ ಅದಕ್ಕೆ ಎಕ್ಸ್‌ಎಂಪಿ ಅಂದಿತು. ಡಿಡಿಆರ್5 ಕಾಲಕ್ಕೆ, 2022ರಲ್ಲಿ, ಎಎಂಡಿ ತನ್ನದೇ ಎಕ್ಸ್‌ಪೋ ತಂದಿತು. ಬಯೋಸ್‌ಗೆ ಹೋಗಿ ಆ ಪುಟವನ್ನು ನೀವೇ ಆನ್ ಮಾಡಬೇಕು. ಎಎಂಡಿಯ ಹಳೇ ಬೋರ್ಡುಗಳಲ್ಲಿ ಅದಕ್ಕೆ ಡಿಒಸಿಪಿ ಅಂತಲೋ ಎ-ಎಕ್ಸ್‌ಎಂಪಿ ಅಂತಲೋ ಹೆಸರಿರುತ್ತದೆ.

ಸಿಪಿಯು-ಜೆಡ್ ಅನ್ನುವ ಪ್ರೋಗ್ರಾಂನಲ್ಲಿ 1600 ತೋರಿಸಿದರೆ ನಿಮ್ಮ 3200 ಸರಿಯಾಗಿಯೇ ಓಡುತ್ತಿದೆ. ಅದು ತಾಳದ ವೇಗ ತೋರಿಸುತ್ತದೆ, ಒಂದೊಂದು ತಾಳಕ್ಕೆ ಎರಡು ಸಲ ಡೇಟಾ ಹೋಗುತ್ತದೆ. ಡಿಡಿಆರ್‌ನ ಮೊದಲ 'ಡಿ' ಅಂದರೆ ಡಬಲ್, ಅದು ಇದೇ.

ಎಕ್ಸ್‌ಎಂಪಿ ಆನ್ ಮಾಡಿದರೂ ಮೇಲೆ ಹೋಗುತ್ತಿಲ್ಲ ಅಂದರೆ ಪ್ರೊಸೆಸರ್ ಮತ್ತು ಬೋರ್ಡಿನ ಮಿತಿ ನೋಡಿ. ಹತ್ತನೇ ಜನರೇಶನ್ನಿನ ಐ3, ಐ5 ಪ್ರೊಸೆಸರನ್ನು ಎಚ್410, ಬಿ460 ಬೋರ್ಡಿಗೆ ಹಾಕಿದರೆ 2666ಕ್ಕೆ ನಿಲ್ಲುತ್ತದೆ. ಅದಕ್ಕಿಂತ ಮೇಲೆ ಹೋಗಲು ಆ ಬೋರ್ಡ್ ಬಿಡುವುದಿಲ್ಲ. ಮುಂದಿನ ಬಿ560ರಿಂದ ಇಂಟೆಲ್ ಬಿ ಬೋರ್ಡುಗಳಿಗೂ ಅದನ್ನು ಬಿಟ್ಟುಕೊಟ್ಟಿತು. ಎಚ್410 ಇಟ್ಟುಕೊಂಡು 3600ರ ರ‍್ಯಾಮಿಗೆ ಜಾಸ್ತಿ ದುಡ್ಡು ಸುರಿಯಬೇಡಿ, ಆ ದುಡ್ಡಿಗೆ ಎಸ್‌ಎಸ್‌ಡಿ ಹಾಕಿಸಿ.

ಎಕ್ಸ್‌ಎಂಪಿ ಆನ್ ಮಾಡಿದ ಮೇಲೆ ಹ್ಯಾಂಗ್ ಆಗುತ್ತದೆ, ಗೇಮ್ ಮಧ್ಯೆ ರಿಸ್ಟಾರ್ಟ್ ಆಗುತ್ತದೆ. ರ‍್ಯಾಮ್ ಹಾಳಾ?

ಮೊದಲು ಎಕ್ಸ್‌ಎಂಪಿ ಆಫ್ ಮಾಡಿ ಎರಡು ದಿನ ಓಡಿಸಿ. ಆಗ ಸರಿಯಾಗಿದ್ದರೆ ಸ್ಟಿಕ್ ಹಾಳಾಗಿಲ್ಲ, ಆ ವೇಗ ಮೂವರಲ್ಲಿ ಯಾರಿಗೋ ಒಗ್ಗುತ್ತಿಲ್ಲ. ಮೂವರು ಅಂದರೆ ಸ್ಟಿಕ್, ಬೋರ್ಡ್, ಪ್ರೊಸೆಸರ್. ಪ್ರೊಸೆಸರನ್ನು ಜನ ಮರೆತುಬಿಡುತ್ತಾರೆ. ರ‍್ಯಾಮನ್ನು ನಡೆಸುವ ಕಂಟ್ರೋಲರ್ ಈಗ ಬೋರ್ಡಿನಲ್ಲಿಲ್ಲ, ಪ್ರೊಸೆಸರಿನ ಒಳಗೇ ಇದೆ. ಎಎಂಡಿ 2003ರ ಅಥ್ಲಾನ್ 64ರಲ್ಲೇ ಒಳಗೆ ತಂದಿತು, ಇಂಟೆಲ್ 2008ರ ನೆಹಾಲೆಮ್‌ನಲ್ಲಿ. ಅದಕ್ಕೇ ಗೆಳೆಯನ ಮನೆಯಲ್ಲಿ 3600ರಲ್ಲಿ ಓಡಿದ ಸ್ಟಿಕ್ ನಿಮ್ಮ ಮನೆಯಲ್ಲಿ 3200ಕ್ಕೆ ನಿಲ್ಲಬಹುದು, ಎರಡೂ ಕಡೆ ಒಂದೇ ಬೋರ್ಡ್ ಇದ್ದರೂ.

ಸರಿಪಡಿಸುವ ಕ್ರಮ ನಾನು ಮಾಡುವುದು ಹೀಗೆ. ಎಕ್ಸ್‌ಎಂಪಿ ಆನ್ ಇಟ್ಟು ವೇಗ ಮಾತ್ರ ಒಂದು ಮೆಟ್ಟಿಲು ಇಳಿಸುತ್ತೇನೆ, 3200 ಇದ್ದದ್ದನ್ನು 3000 ಅಥವಾ 2933. ಟೈಮಿಂಗ್ ಹಾಗೇ ಇರಲಿ. ಅದರಲ್ಲೂ ಹ್ಯಾಂಗ್ ಆದರೆ ಟೈಮಿಂಗ್ ಸಡಿಲ ಮಾಡಿ 18-20-20-40 ಕೊಡುತ್ತೇನೆ. ಕಮಾಂಡ್ ರೇಟ್ (ಆಜ್ಞೆ ಕೊಡಲು ಕಾಯುವ ತಾಳದ ಎಣಿಕೆ) 1ಟಿ ಇದ್ದರೆ 2ಟಿ ಮಾಡುತ್ತೇನೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ, ಮುಂದಿನ ಸಲ ಮತ್ತೆ ಕತ್ತಲೆಯಲ್ಲಿ ತಡಕಾಡಬೇಕು. ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ವೋಲ್ಟೇಜ್ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಡಿಡಿಆರ್4 ಸ್ಟಿಕ್ಕಿನ ಮೇಲೆ 1.35 ಅಂತ ಇದ್ದರೆ 1.35 ಕೊಡಿ, ಅಷ್ಟೇ. ಯಾರದೋ ವೀಡಿಯೋ ನೋಡಿ ಏರಿಸುತ್ತಾ ಹೋಗಬೇಡಿ. 2023ರಲ್ಲಿ ಎಎಂಡಿಯ ರೈಜನ್ 7000 ಸಾಲಿನ ಕೆಲವು ಪ್ರೊಸೆಸರುಗಳು ಸುಟ್ಟವು. ಎಕ್ಸ್‌ಪೋ ಆನ್ ಮಾಡಿದಾಗ ಬೋರ್ಡುಗಳು ಎಸ್‌ಒಸಿ ವೋಲ್ಟೇಜ್ (ಪ್ರೊಸೆಸರಿನ ಒಳಗಿನ ಕಂಟ್ರೋಲರ್ ಇರುವ ಭಾಗದ ವೋಲ್ಟೇಜ್) ಜಾಸ್ತಿ ಕೊಡುತ್ತಿದ್ದವು. ಆಮೇಲೆ ಅದನ್ನು 1.3ಕ್ಕೆ ಕಟ್ಟಿಹಾಕುವ ಬಯೋಸ್ ಬಂತು. ನಿಮ್ಮದು ಆ ಕಾಲದ ಎಎಂ5 ಬೋರ್ಡಾಗಿದ್ದು ಬಯೋಸ್ ಹಳೆಯದೇ ಇದ್ದರೆ ಅದನ್ನು ಹೊಸದು ಮಾಡುವುದು ಮೊದಲ ಕೆಲಸ.

ಹಳೇ 8 ಜಿಬಿ ಇದೆ. ಬೇರೆ ಕಂಪನಿಯ ಇನ್ನೊಂದು 8 ಜಿಬಿ ಸೇರಿಸಬಹುದಾ?

ಸೇರಿಸಬಹುದು, ಸಾಮಾನ್ಯವಾಗಿ ಓಡುತ್ತದೆ. ಎರಡೂ ನಿಧಾನದವನ ವೇಗಕ್ಕೆ ಇಳಿಯುತ್ತವೆ. ಗಾಡಿಗೆ ಎರಡು ಎತ್ತು ಕಟ್ಟಿದ ಹಾಗೆ, ಒಂದು ನಿಧಾನವಾದರೆ ಇನ್ನೊಂದು ಓಡಲಾಗುವುದಿಲ್ಲ. ಎಕ್ಸ್‌ಎಂಪಿ ಆನ್ ಮಾಡಿದಾಗ ಮಾತ್ರ ಖಾತ್ರಿ ಇಲ್ಲ.

ಒಂದೇ ಕಂಪನಿ, ಒಂದೇ ಮಾಡೆಲ್ ತಂದರೂ ಒಳಗಿನ ಚಿಪ್ ಬೇರೆ ಇರಬಹುದು. ಸ್ಯಾಮ್‌ಸಂಗ್, ಹೈನಿಕ್ಸ್, ಮೈಕ್ರಾನ್ ಚಿಪ್‌ಗಳನ್ನು ಕಂಪನಿಗಳು ಆಯಾ ಕಾಲಕ್ಕೆ ಸಿಕ್ಕಿದ್ದನ್ನು ಹಾಕುತ್ತವೆ. ಜೋಡಿಯಾಗಿ ಒಂದೇ ಡಬ್ಬದಲ್ಲಿ ಬರುವ ಕಿಟ್ ತೆಗೆದುಕೊಳ್ಳಿ ಅನ್ನುವುದು ಇದಕ್ಕೇ. ಆ ಎರಡನ್ನು ಕಂಪನಿಯವರು ಒಟ್ಟಿಗೆ ಪರೀಕ್ಷೆ ಮಾಡಿರುತ್ತಾರೆ. ನನ್ನ ಸ್ವಂತ ಮಷೀನಿಗೆ ಆರು ತಿಂಗಳ ಅಂತರದಲ್ಲಿ ಒಂದೇ ಮಾಡೆಲಿನ ಎರಡು ಸ್ಟಿಕ್ ತಂದೆ. ಬೇರೆ ಬೇರೆಯಾಗಿ ಎರಡೂ 3200ರಲ್ಲಿ ಓಡಿದವು. ಜೋಡಿ ಹಾಕಿದರೆ ವಾರಕ್ಕೊಂದು ಬ್ಲೂ ಸ್ಕ್ರೀನ್. 2933ಕ್ಕೆ ಇಳಿಸಿದ ಮೇಲೆ ಇವತ್ತಿಗೂ ಒಂದೂ ಬಂದಿಲ್ಲ.

ಆಫೀಸ್ ಕೆಲಸ, ನುಡಿಯಲ್ಲಿ ಟೈಪಿಂಗ್, ಟ್ಯಾಲಿ ಇಷ್ಟೇ ಇದ್ದರೆ ಧೈರ್ಯವಾಗಿ ಮಿಕ್ಸ್ ಮಾಡಿ, ಎಕ್ಸ್‌ಎಂಪಿ ಮುಟ್ಟಬೇಡಿ.

ನಾಲ್ಕು ಸ್ಲಾಟೂ ತುಂಬಿಸಿದರೆ ವೇಗ ಜಾಸ್ತಿ ಆಗುತ್ತದಾ?

ಇಲ್ಲ, ಕಡಿಮೆ ಆಗಬಹುದು. ಚಾನೆಲ್, ಅಂದರೆ ಪ್ರೊಸೆಸರಿನಿಂದ ರ‍್ಯಾಮಿಗೆ ಹೋಗುವ ದಾರಿ, ಇರುವುದು ಎರಡೇ. ನಾಲ್ಕು ಸ್ಟಿಕ್ ಹಾಕಿದರೆ ಒಂದೊಂದು ಚಾನೆಲ್ ಮೇಲೆ ಎರಡರ ಭಾರ. ರೈಜನ್ 7000ಕ್ಕೆ ಎರಡು ಸ್ಟಿಕ್ ಇದ್ದರೆ ಎಎಂಡಿ ಹೇಳುವ ವೇಗ 5200, ನಾಲ್ಕಾದರೆ 3600. 32 ಜಿಬಿ ಬೇಕಾದರೆ 16ರ ಎರಡು ತೆಗೆದುಕೊಳ್ಳಿ, 8ರ ನಾಲ್ಕು ಬೇಡ.

ಆನ್‌ಲೈನ್‌ನಲ್ಲಿ ತುಂಬಾ ಅಗ್ಗಕ್ಕೆ ಸಿಕ್ಕಿತು. ಬೋರ್ಡ್ ಗುರುತೇ ಹಿಡಿಯುತ್ತಿಲ್ಲ.

ಎರಡು ಥರದ ಬಲೆ ಇದೆ.

ಒಂದು, 'ಎಎಂಡಿಗೆ ಮಾತ್ರ' ಅನ್ನುವ ಡಿಡಿಆರ್3 ಸ್ಟಿಕ್. ಅದರಲ್ಲಿ ಚಿಪ್‌ಗಳ ಜೋಡಣೆಯೇ ಬೇರೆ ಥರ ಇರುತ್ತದೆ. ಹಳೇ ಎಎಂಡಿ ಬೋರ್ಡ್ ಓದುತ್ತದೆ, ಇಂಟೆಲ್ ಬೋರ್ಡ್ ಓದುವುದಿಲ್ಲ. ವಿವರಣೆಯ ಕೊನೆಯಲ್ಲಿ ಎಲ್ಲೋ ಸಣ್ಣದಾಗಿ ಬರೆದಿರುತ್ತಾರೆ. ರೇಟ್ ನೋಡಿ ಖುಷಿಪಟ್ಟು ಅದನ್ನು ಓದದೆ ಬಿಡುತ್ತೇವೆ.

ಇನ್ನೊಂದು, ಸರ್ವರಿನಿಂದ ತೆಗೆದ ರಿಜಿಸ್ಟರ್ಡ್ ರ‍್ಯಾಮ್. ಡಿಡಿಆರ್3, ಡಿಡಿಆರ್4 ಆದರೆ ಮನೆಯ ಬೋರ್ಡಿಗೆ ಕೂರುತ್ತದೆ, ಓಡುವುದಿಲ್ಲ. ಕಂಡುಹಿಡಿಯುವುದು ಸುಲಭ. ಸ್ಟಿಕ್ಕರ್ ಮೇಲೆ 'ಪಿಸಿ4-2400ಟಿ-ಯುಎ2' ಅನ್ನುವಂಥ ಸಾಲು ಇರುತ್ತದೆ. ಕೊನೆಯ ಭಾಗ 'ಯು'ನಿಂದ ಶುರುವಾದರೆ ಡೆಸ್ಕ್‌ಟಾಪಿನದು, 'ಎಸ್' ಇದ್ದರೆ ಲ್ಯಾಪ್‌ಟಾಪಿನದು, 'ಆರ್' ಇದ್ದರೆ ಸರ್ವರಿನದು. 'ಆರ್' ಕಂಡರೆ ಆ ಕಡೆ ತಲೆ ಹಾಕಬೇಡಿ.

ಕೆಲವರು ಪಿಸಿ4-25600 ಅಂತ ನೋಡಿ ಹೆದರುತ್ತಾರೆ. ಅದನ್ನು 8ರಿಂದ ಭಾಗಿಸಿ, 3200 ಬರುತ್ತದೆ. 19200 ಅಂದರೆ 2400. ಒಂದೇ ವಿಷಯಕ್ಕೆ ಎರಡು ಲೆಕ್ಕ.

ಅಪ್ಪನ ಕಾಲದ ಹಳೇ ಬೋರ್ಡ್ ಇದೆ. ರ‍್ಯಾಮ್ ಹಾಕಿ ಉಳಿಸಿಕೊಳ್ಳಬಹುದಾ?

ಖಂಡಿತ ಪ್ರಯತ್ನ ಮಾಡಿ. ಹಳೇ ಬೋರ್ಡಿಗೆ 8 ಜಿಬಿ ಮತ್ತು ಒಂದು ಎಸ್‌ಎಸ್‌ಡಿ ಬಿದ್ದರೆ ಮಕ್ಕಳ ಓದಿಗೆ ಎಷ್ಟೋ ಸಾಕು. ಎಚ್61ರಲ್ಲಿ ಎರಡು ಸ್ಲಾಟ್, ಒಟ್ಟು 16 ಜಿಬಿವರೆಗೆ. ಜಿ41ರಲ್ಲಿ ಒಟ್ಟು 8 ಜಿಬಿ, ಅದೂ ಡಿಡಿಆರ್3 ಹಾಕುವ ಜಿ41ಕ್ಕೆ 4 ಜಿಬಿ ಸ್ಟಿಕ್ ತರುವಾಗ ಎರಡೂ ಮುಖ ಸೇರಿ 16 ಚಿಪ್ ಇರುವುದನ್ನೇ ಕೇಳಿ ತನ್ನಿ. 8 ಚಿಪ್ ಇರುವ 4 ಜಿಬಿಯನ್ನು ಅದು ಓದುವುದಿಲ್ಲ. ಒಂದೊಂದರಲ್ಲೂ ಅಷ್ಟು ಜಾಸ್ತಿ ತುಂಬಿಸಿದ ಚಿಪ್‌ಗಳನ್ನು ಆ ಕಾಲದ ಕಂಟ್ರೋಲರ್ ಕಂಡೇ ಇಲ್ಲ.

ಲ್ಯಾಪ್‌ಟಾಪಿನ ಕಥೆ ಏನು?

ಸ್ಟಿಕ್ ಗಿಡ್ಡ, ಬೆಲೆಯ ಅಂದಾಜು ಅದೇ, ಸೆಟ್ಟಿಂಗ್ ಮಾತ್ರ ಕಡಿಮೆ. ಸಾಮಾನ್ಯ ಲ್ಯಾಪ್‌ಟಾಪ್ ಬಯೋಸ್‌ನಲ್ಲಿ ಟೈಮಿಂಗ್ ಬದಲಿಸಲು ಜಾಗವೇ ಇರುವುದಿಲ್ಲ. ಹಾಗಾಗಿ ಎಕ್ಸ್‌ಎಂಪಿ ಇದ್ದರೆ ಮಾತ್ರ ಓಡುವ ವೇಗಕ್ಕೆ ದುಡ್ಡು ಕೊಡಬೇಡಿ. ನಾಲ್ಕನೇ ಜನರೇಶನ್ನಿನ ಇಂಟೆಲ್ ಲ್ಯಾಪ್‌ಟಾಪಿಗೆ 1.35 ವೋಲ್ಟಿನ ಡಿಡಿಆರ್3ಎಲ್ ಬೇಕು, 1.5ರ ಹಳೇ ಸ್ಟಿಕ್ ಹಾಕಿದರೆ ಡಿಸ್ಪ್ಲೇ ಬರುವುದಿಲ್ಲ. ಸ್ಟಿಕ್ಕರ್ ಮೇಲೆ ಪಿಸಿ3ಎಲ್ ಅಂತ ಆ 'ಎಲ್' ಇದೆಯಾ ನೋಡಿ. ತೆಳ್ಳಗಿನ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಕೊಳ್ಳುವ ಮೊದಲೇ ಕೇಳಿ ತಿಳಿದುಕೊಳ್ಳಿ.

ಮಳೆಗಾಲದಲ್ಲಿ ಮಾತ್ರ ಬೆಳಿಗ್ಗೆ ಡಿಸ್ಪ್ಲೇ ಬರುವುದಿಲ್ಲ. ನಾಲ್ಕೈದು ಸಲ ಆನ್ ಆಫ್ ಮಾಡಿದರೆ ಬರುತ್ತದೆ. ಏನು ಮಾಡಲಿ?

ಇದು ನಮ್ಮ ಕಡೆಯ ಪ್ರಶ್ನೆ. ಬೇರೆ ಊರಿನವರು ಬರೆದದ್ದರಲ್ಲಿ ಇದಕ್ಕೆ ಉತ್ತರ ಸಿಗುವುದು ಕಷ್ಟ, ಅದಕ್ಕೆ ಸ್ವಲ್ಪ ಉದ್ದ ಹೇಳುತ್ತೇನೆ.

ಆಗುಂಬೆ, ಹೊಸನಗರದ ಕಡೆ ಜುಲೈ, ಆಗಸ್ಟಿನಲ್ಲಿ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಅದೇ ತೇವ ಕ್ಯಾಬಿನೆಟ್ಟಿನ ಒಳಗೂ ಇರುತ್ತದೆ. ರ‍್ಯಾಮಿನ ಚಿನ್ನದ ಲೇಪ ತುಂಬಾ ತೆಳ್ಳಗೆ. ಅದು ಸವೆದ ಕಡೆ, ಸ್ಲಾಟಿನ ಒಳಗಿನ ಪಿನ್‌ಗಳ ಮೇಲೆ ಧೂಳು ಮತ್ತು ತೇವ ಸೇರಿ ಪೊರೆ ಕಟ್ಟುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಸಂಪರ್ಕ ಸಿಗುವುದಿಲ್ಲ. ನಾಲ್ಕು ಸಲ ಆನ್ ಮಾಡಿದಾಗ ಸ್ವಲ್ಪ ಬಿಸಿಯಾಗಿ ಹಿಡಿಯುತ್ತದೆ. ಹೀಗೇ ದೂಡುತ್ತಾ ಹೋಗಬೇಡಿ, ಒಂದು ದಿನ ಪೂರ್ತಿ ನಿಲ್ಲುತ್ತದೆ.

ಸ್ಟಿಕ್ ತೆಗೆದು ಚಿನ್ನದ ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿ ಬಟ್ಟೆಯಿಂದ ಒರೆಸಿ. ಮೊಬೈಲ್ ರಿಪೇರಿ ಸಾಮಾನು ಮಾರುವ ಅಂಗಡಿಯಲ್ಲಿ ಐಪಿಎ ಅಂದರೆ ಕೊಡುತ್ತಾರೆ. ಪೆನ್ಸಿಲ್ ರಬ್ಬರಿನಿಂದ ಉಜ್ಜುವುದು ಎಲ್ಲರೂ ಮಾಡುತ್ತಾರೆ. ಬೇರೆ ಏನೂ ಇಲ್ಲದಾಗ ಬಿಳಿ ರಬ್ಬರಿನಲ್ಲಿ ಮೆಲ್ಲಗೆ ಒಂದೆರಡು ಸಲ ಎಳೆದರೆ ತಪ್ಪಿಲ್ಲ, ಆದರೆ ಪುಡಿಯನ್ನು ಪೂರ್ತಿ ಒರೆಸಿ ತೆಗೆಯಬೇಕು. ಪ್ರತಿ ತಿಂಗಳು ಉಜ್ಜಿದರೆ ಚಿನ್ನವೇ ಹೋಗುತ್ತದೆ. ಪೆಟ್ರೋಲ್, ಥಿನ್ನರ್ ಬೇಡವೇ ಬೇಡ. ಸ್ಲಾಟಿನ ಒಳಗೆ ಒಣ ಬ್ರಷ್ ಆಡಿಸಿ, ಇರುವೆ ಗೂಡು, ಜಿರಳೆ ಮೊಟ್ಟೆ ಇದ್ದರೆ ಅಲ್ಲೇ ಸಿಗುತ್ತದೆ.

ಆಮೇಲೆ ಅಭ್ಯಾಸ ಬದಲಿಸಿ. ಕ್ಯಾಬಿನೆಟ್ಟನ್ನು ನೆಲದ ಮೇಲೆ, ಹೊರಗಿನ ಗೋಡೆಗೆ ತಾಗಿಸಿ ಇಡಬೇಡಿ, ಒಂದು ಮಣೆಯ ಮೇಲಾದರೂ ಇಡಿ. ಮಳೆಗಾಲದಲ್ಲಿ ಕೆಲಸ ಇಲ್ಲದಿದ್ದರೂ ದಿನಕ್ಕೆ ಒಂದು ಗಂಟೆ ಓಡಿಸಿ, ಅದರ ಬಿಸಿಗೆ ಅದೇ ಒಣಗುತ್ತದೆ. ಧೂಳಾಗಬಾರದು ಅಂತ ಪ್ಲಾಸ್ಟಿಕ್ ಕವರ್ ಬಿಗಿಯಾಗಿ ಮುಚ್ಚುವುದು ನಮ್ಮ ಕಡೆ ಒಳ್ಳೆಯದಲ್ಲ. ತೇವ ಒಳಗೇ ಉಳಿಯುತ್ತದೆ.

ಬೆಳಿಗ್ಗೆ ಆನ್ ಮಾಡಿದಾಗ ಗಡಿಯಾರ, ತಾರೀಕು ತಪ್ಪು ತೋರಿಸಿದರೆ ಸೆಲ್ ಮುಗಿದಿದೆ. ಕರೆಂಟ್ ಹೋದಾಗೆಲ್ಲ ಎಕ್ಸ್‌ಎಂಪಿ ತಾನೇ ಆಫ್ ಆಗುವುದೂ ಇದಕ್ಕೇ. ಅಂಗಡಿಯಲ್ಲಿ ಒಂದು ಸೆಲ್ ತಂದು ಹಾಕಿ, ರ‍್ಯಾಮಿಗೆ ಬೈಯಬೇಡಿ.

ಮತ್ತೆ ಗುಡುಗು. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ಪವರ್ ವೈರ್ ಜೊತೆ ಇಂಟರ್ನೆಟ್ ಕೇಬಲ್ಲನ್ನೂ ಕೀಳಿ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಅಂದರೆ ಅರ್ತಿಂಗ್ ಇಲ್ಲ ಅಂತ ಅರ್ಥ. ರ‍್ಯಾಮ್ ಬದಲಿಸುವ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಯಿರಿ.

ಬಯೋಸ್ ಅಪ್‌ಡೇಟ್ ಮಾಡಿದರೆ ರ‍್ಯಾಮ್ ತೊಂದರೆ ಸರಿಹೋಗುತ್ತದಾ?

ಎಷ್ಟೋ ಸಲ ಹೌದು. 2017ರಲ್ಲಿ ಮೊದಲ ರೈಜನ್ ಬಂದಾಗ ರ‍್ಯಾಮ್ ವೇಗ ಹಿಡಿಯುವುದೇ ಕಷ್ಟ ಇತ್ತು. ಅದೇ ವರ್ಷ ಬಂದ ಅಜೀಸಾ (ಬಯೋಸ್ ಒಳಗಿನ ಎಎಂಡಿಯ ಭಾಗ) 1.0.0.6 ಇರುವ ಬಯೋಸ್ ಹಾಕಿದ ಮೇಲೆ ಅವೇ ಸ್ಟಿಕ್‌ಗಳು ಮೇಲೆ ಹೋದವು. ಬೋರ್ಡ್ ಕಂಪನಿಯ ಸೈಟಿನಲ್ಲಿ ನಿಮ್ಮ ಬೋರ್ಡಿನ ಪೂರ್ತಿ ಹೆಸರು, ರಿವಿಷನ್ ನಂಬರ್ ನೋಡಿಯೇ ಫೈಲ್ ಇಳಿಸಿಕೊಳ್ಳಿ. ಅಲ್ಲೇ ಕ್ಯೂವಿಎಲ್ ಅಂತ ಪಟ್ಟಿ ಇರುತ್ತದೆ, ಕಂಪನಿ ಪರೀಕ್ಷಿಸಿದ ರ‍್ಯಾಮ್‌ಗಳು ಅವು. ಪಟ್ಟಿಯಲ್ಲಿ ಇಲ್ಲದ್ದು ಓಡುವುದಿಲ್ಲ ಅಂತೇನಿಲ್ಲ, ಇರುವುದನ್ನು ಕೊಂಡರೆ ತಲೆನೋವು ಕಡಿಮೆ.

ಮೊದಲು ಎಕ್ಸ್‌ಎಂಪಿ ಆಫ್ ಮಾಡಿ. ಯುಪಿಎಸ್ ಇಲ್ಲದೆ ಮಾಡಬೇಡಿ. ಗಾಳಿ ಮಳೆ ಇದ್ದ ದಿನ ಅಂತೂ ಬೇಡ, ಎಲ್ಲೋ ಒಂದು ಮರ ಲೈನ್ ಮೇಲೆ ಬಿದ್ದರೆ ಅರ್ಧ ಬರೆದ ಬಯೋಸ್ ಉಳಿಯುತ್ತದೆ, ಬೋರ್ಡ್ ಏಳುವುದಿಲ್ಲ.

ಸ್ಟಿಕ್ ನಿಜಕ್ಕೂ ಹಾಳಾಗಿದೆ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ?

ರ‍್ಯಾಮ್ ಪರೀಕ್ಷಿಸುವ ಪ್ರೋಗ್ರಾಂ ಮೆಮ್‌ಟೆಸ್ಟ್86 ಅಥವಾ ಮೆಮ್‌ಟೆಸ್ಟ್86+ ಅನ್ನು ಪೆನ್ ಡ್ರೈವಿಗೆ ಹಾಕಿ ಅದರಿಂದ ಬೂಟ್ ಮಾಡಿ. ರಾತ್ರಿ ಮಲಗುವಾಗ ಶುರು ಮಾಡಿದರೆ ಬೆಳಿಗ್ಗೆ ಫಲಿತಾಂಶ ಸಿಗುತ್ತದೆ. ಒಂದೇ ಒಂದು ಕೆಂಪು ಸಾಲು ಬಂದರೂ ಅದು ತಪ್ಪೇ, 'ಒಂದೇ ಅಲ್ವಾ' ಅಂತ ಬಿಡಬೇಡಿ. ಆಗ ಎಕ್ಸ್‌ಎಂಪಿ ಆಫ್ ಮಾಡಿ, ಒಂದೊಂದೇ ಸ್ಟಿಕ್ ಇಟ್ಟು ಮತ್ತೆ ಓಡಿಸಿ. ತಪ್ಪು ಸ್ಟಿಕ್ ಜೊತೆ ಹೋದರೆ ಸ್ಟಿಕ್ ಹಾಳು. ಯಾವ ಸ್ಟಿಕ್ ಹಾಕಿದರೂ ಅದೇ ಸ್ಲಾಟಿನಲ್ಲಿ ತಪ್ಪು ಬಂದರೆ ಸ್ಲಾಟ್ ನೋಡಬೇಕು. ಒಂದು ಚಾನೆಲ್ಲಿನ ಎರಡೂ ಸ್ಲಾಟ್ ಸತ್ತಂತಿದ್ದರೆ ಬೋರ್ಡ್ ಎಸೆಯುವ ಮೊದಲು ಪ್ರೊಸೆಸರ್ ತೆಗೆದು ಸಾಕೆಟ್ ನೋಡಿಸಿ. ಒಂದು ಪಿನ್ ಬಾಗಿದ್ದರೂ, ಕೂಲರನ್ನು ಓರೆಯಾಗಿ ಬಿಗಿದಿದ್ದರೂ ಹೀಗಾಗುತ್ತದೆ.

ಹ್ಯಾಂಗ್ ಆಗುವುದು ರ‍್ಯಾಮ್ ತೊಂದರೆಯ ಸಣ್ಣ ಭಾಗ. ದೊಡ್ಡದು ಕಣ್ಣಿಗೆ ಕಾಣುವುದಿಲ್ಲ. ನನಗೆ ಪರಿಚಯದ ಒಬ್ಬರು ಫೋಟೋ ಸ್ಟುಡಿಯೋ ನಡೆಸುತ್ತಾರೆ. ಅವರ ಮಷೀನು ಯಾವತ್ತೂ ನಿಲ್ಲಲಿಲ್ಲ, ಆದರೆ ಕಾಪಿ ಮಾಡಿದ ಮದುವೆ ಫೋಟೋಗಳಲ್ಲಿ ಅಲ್ಲಲ್ಲಿ ಅರ್ಧ ಬೂದು ಬಣ್ಣ. ಹಾರ್ಡ್ ಡಿಸ್ಕ್ ಬದಲಿಸಿದರು, ಕಾರ್ಡ್ ರೀಡರ್ ಬದಲಿಸಿದರು. ಕೊನೆಗೆ ಒಂದು ಸ್ಟಿಕ್ಕಿನಲ್ಲಿ ತಪ್ಪು ಸಿಕ್ಕಿತು. ಕ್ಯಾಮೆರಾ ಕಾರ್ಡ್ ಅಳಿಸದೆ ಇಟ್ಟಿದ್ದರಿಂದ ಫೋಟೋ ಉಳಿದವು. ಹಾಗಾಗಿ ಜಿಪ್ ಫೈಲ್ ಬಿಚ್ಚುವಾಗ ಎರರ್, ವಿಂಡೋಸ್ ಹಾಕುವಾಗ ಬೇರೆ ಬೇರೆ ಕಡೆ ನಿಲ್ಲುವುದು, ಇಂಥದ್ದು ಕಂಡರೆ ಮೊದಲು ರ‍್ಯಾಮ್ ಟೆಸ್ಟ್ ಮಾಡಿ. ಪತ್ರ, ಫೋಟೋ, ಲೆಕ್ಕ ಇರುವ ಮಷೀನಿನಲ್ಲಿ ಹತ್ತು ಪಾಯಿಂಟ್ ವೇಗಕ್ಕೋಸ್ಕರ ಟೈಮಿಂಗ್ ಬಿಗಿ ಮಾಡುವುದು ನನಗೆ ಸರಿ ಕಾಣುವುದಿಲ್ಲ.

16 ಜಿಬಿ ಹಾಕಿದ್ದೇನೆ, ಅಷ್ಟು ತೋರಿಸುತ್ತಿಲ್ಲ.

ಬಯೋಸ್‌ನಲ್ಲಿ ಎಷ್ಟು ತೋರಿಸುತ್ತದೆ ನೋಡಿ. ಅಲ್ಲೇ 8 ಇದ್ದರೆ ಒಂದು ಸ್ಟಿಕ್ ಕೂತಿಲ್ಲ. ಬಯೋಸ್‌ನಲ್ಲಿ 16 ಇದ್ದು ವಿಂಡೋಸ್‌ನಲ್ಲಿ 4ಕ್ಕಿಂತ ಕಡಿಮೆ ಇದ್ದರೆ ನಿಮ್ಮದು 32 ಬಿಟ್ ವಿಂಡೋಸ್, 64 ಬಿಟ್ ಹಾಕಿಸಿ. 14 ಚಿಲ್ಲರೆ ತೋರಿಸಿದರೆ ಉಳಿದದ್ದನ್ನು ಪ್ರೊಸೆಸರಿನ ಒಳಗಿನ ಗ್ರಾಫಿಕ್ಸ್ ತೆಗೆದುಕೊಂಡಿದೆ, ಅದು ತೊಂದರೆ ಅಲ್ಲ.

ಎಲ್ಲ ಮಾಡಿದೆ, ಆಗಲಿಲ್ಲ. ಶಿವಮೊಗ್ಗಕ್ಕೆ ಬರುವಾಗ ಏನು ತರಲಿ?

ಬೋರ್ಡಿನ ಮೇಲೆ ಅಚ್ಚಾದ ಹೆಸರು, ಸ್ಟಿಕ್ಕರಿನ ಎರಡೂ ಮುಖ, ಬಯೋಸ್‌ನ ಮೊದಲ ಪುಟ, ಇಷ್ಟರ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಎಷ್ಟೋ ಸಲ ಆ ಫೋಟೋ ನೋಡಿಯೇ ಉತ್ತರ ಹೇಳಬಹುದು, ನೀವು ಬರುವುದೇ ಬೇಕಾಗುವುದಿಲ್ಲ. ಟೈಮಿಂಗ್ ಬದಲಿಸಿದ ಚೀಟಿ ಇದ್ದರೆ ಅದೂ ಇರಲಿ. ಹಳೇ ಸ್ಟಿಕ್ ಎಸೆಯಬೇಡಿ, ಅದನ್ನೂ ತನ್ನಿ, ಹೋಲಿಸಿ ನೋಡಲು ಅದೇ ಬೇಕು. ಬಿಲ್ ಹುಡುಕಿ. ಒಳ್ಳೆ ಕಂಪನಿಯ ರ‍್ಯಾಮಿಗೆ ವಾರಂಟಿ ದೊಡ್ಡದಿರುತ್ತದೆ, ಬದಲಿ ಸಿಗಬಹುದು.

ಬಸ್ಸಿನಲ್ಲಿ ತರುವಾಗ ಭಾರದ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಬೇರೆ ಸುತ್ತಿ. ನಮ್ಮ ರಸ್ತೆಯ ಕುಲುಕಾಟಕ್ಕೆ ಸ್ಲಾಟೇ ಕಿತ್ತು ಬಂದದ್ದನ್ನು ನೋಡಿದ್ದೇನೆ. ರ‍್ಯಾಮ್ ಸ್ಟಿಕ್‌ಗಳನ್ನು ಬಂದ ಡಬ್ಬದಲ್ಲೇ ಹಾಕಿ, ಇಲ್ಲದಿದ್ದರೆ ಒಣ ಪೇಪರಿನಲ್ಲಿ ಸುತ್ತಿ, ಸಾದಾ ಪ್ಲಾಸ್ಟಿಕ್ ಕವರ್ ಬೇಡ. ಬೆಳಗಿನ ಮೊದಲ ಬಸ್ಸಿಗೇ ಹೊರಡಿ. ಒಂದು ಸ್ಟಿಕ್ಕಿನ ಟೆಸ್ಟ್ ಮುಗಿಯಲು ಗಂಟೆಗಟ್ಟಲೆ ಬೇಕು, ಹನ್ನೊಂದಕ್ಕೆ ಬಂದರೆ ಸಂಜೆ ಬಸ್ಸಿಗೆ ನಿಮ್ಮನ್ನು ಕಳಿಸುವುದು ಕಷ್ಟ ಆಗುತ್ತದೆ.